ನಿಲ್ಲದ ಮಾತು ನುಡಿಯಲ್ಲ

ಮೊದಲ ಮಂಗಳವಾರ ಇಂಡಿ, ಎರಡನೆಯದು ಸಿಂದಗಿ, ಮೂರನೆಯದು ಮುದ್ದೇಬಿಹಾಳ, ನಾಲ್ಕನೆಯದು ಬಸವನ ಬಾಗೇವಾಡಿ. ಐದನೆಯ ಮಂಗಳವಾರ ಬಂದ ತಿಂಗಳು ನಮಗೆ ಹಬ್ಬ. ಆ ದಿನ ವಿಜಯಪುರದ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಹಿಂದೆ ಬಿದ್ದ ರಿಪೋರ್ಟುಗಳನ್ನು ಬರೆಯುತ್ತಿದ್ದೆವು. ಮಾನಸಿಕ ರೋಗದ ವಿಭಾಗದಲ್ಲಿ ನರ್ಸ್ ಆಗಿ ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಜೀಪಿನಲ್ಲಿ ಈ ನಾಲ್ಕು ತಾಲೂಕಿನ ಕ್ಯಾಂಪು ಸುತ್ತಿದ್ದೇನೆ. ನಿವೃತ್ತಳಾಗಿ ಬಾಗೇವಾಡಿಯ ನಮ್ಮ ಮನೆ ಸೇರಿದ ಮೇಲೂ ಮಂಗಳವಾರ ಬೆಳಿಗ್ಗೆ ಏಳಕ್ಕೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಸೊಸೆ ನಗುತ್ತಾಳೆ, ನಗಲಿ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಅವರದು ಒಂದೇ ಪ್ರಶ್ನೆ. ‘ಮೇಡಂ, ದೇವರು ಮಾತಾಡ್ತಾನ ಅನ್ನೋ ಪೇಶಂಟ್ ಬಂದ್ರ ಫಾರಂನ್ಯಾಗ ಏನಂತ ಬರಿಬೇಕ್ರಿ?’ ಈಗ ಎಲ್ಲ ಮೊಬೈಲಿನಲ್ಲೇ ತುಂಬುವುದು. ಅಲ್ಲಿ ‘ಕಿವಿಯಲ್ಲಿ ಧ್ವನಿ’ ಎಂಬುದಕ್ಕೆ ಒಂದು ಚೌಕ ಇದೆ, ‘ದೇವರು’ ಎಂಬುದಕ್ಕೆ ಚೌಕ ಇಲ್ಲ. ನಾನು ಪ್ರತಿಸಲ ಒಂದೊಂದು ಉತ್ತರ ಕೊಟ್ಟು ಫೋನ್ ಇಡುತ್ತಿದ್ದೆ. ಪೂರಾ ಉತ್ತರ ಬರೆದೇ ಬಿಡೋಣ ಎಂದು ಈಗ ಕೂತಿದ್ದೇನೆ. ನನ್ನ ತಪ್ಪುಗಳಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಅವೇ ನನಗೆ ಚೆನ್ನಾಗಿ ನೆನಪಿವೆ.

ಕೆಲಸಕ್ಕೆ ಸೇರಿದ ಹೊಸತು. ಇಂಡಿಯ ಕ್ಯಾಂಪಿಗೆ ಲಿಂಬೆ ತೋಟದ ಮನೆತನದ ಒಬ್ಬ ಸೊಸೆಯನ್ನು ಕರೆತಂದಿದ್ದರು. ಶುಕ್ರವಾರಕ್ಕೊಮ್ಮೆ ಅವಳ ಮೈಮೇಲೆ ದೇವಿ ಬರುತ್ತಿದ್ದಳು. ನಾನು ಟ್ರೇನಿಂಗ್ ಮುಗಿಸಿ ಬಂದವಳು, ತಲೆ ತುಂಬ ಪಾಠ. ‘ನೋಡವಾ, ದೇವಿ ಗೀವಿ ಏನೂ ಅಲ್ಲ, ಇದು ಮನಸಿನ ಭಾರ’ ಎಂದು ಶುರುಮಾಡಿದೆ. ನನ್ನ ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ದೇವಿ ಮಂಗಳವಾರವೇ ಬಂದುಬಿಟ್ಟಳು. ‘ನನ್ನ ಇಲ್ಲ ಅನ್ನಾಕ ನೀ ಯಾರ? ಮೊದಲ ನಿನ್ನ ಸೆರಗ ನೆಟ್ಟಗ ಹೊಚ್ಚಿಕೋ’ ಎಂದು ಕೂಗಿದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನನ್ನ ಸೆರಗು ನಿಜವಾಗಿಯೂ ಜಾರಿತ್ತು.

ಆಗ ನಮ್ಮ ಮೇಲಿದ್ದ ಡಾಕ್ಟರು ವಯಸ್ಸಾದವರು. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಅವರು ಕುರ್ಚಿಯಿಂದ ಎದ್ದು ಬಂದು, ‘ಈ ಮಗಳಿಗೆ ಏನ ಬೇಕಾಗೇತಿ ತಾಯಿ?’ ಎಂದು ದೇವಿಯನ್ನೇ ಕೇಳಿದರು. ‘ಹದಿನೈದ ದಿನ ತವರಮನಿ’ ಎಂದಳು ದೇವಿ. ಡಾಕ್ಟರು ಚೀಟಿಯ ಮೇಲೆ ಮೊದಲು ‘ತವರುಮನೆ, ಹದಿನೈದು ದಿನ’ ಎಂದು ಬರೆದರು, ಕೆಳಗೆ ಒಂದು ಶಕ್ತಿ ಗುಳಿಗೆ. ಅತ್ತೆ ಚೀಟಿ ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ನಿಂತಿದ್ದಳು. ಆ ಹುಡುಗಿ ಮುಂದೆ ನಾಲ್ಕೈದು ಸಲ ಬಂದಳು, ದೇವಿ ಬರಲಿಲ್ಲ. ಕೇಳುವುದು ಮೊದಲು, ಹೇಳುವುದು ಆಮೇಲೆ ಎಂದು ಅವತ್ತು ಕಲಿತೆ.

ಕಲಿತೆ ಎಂದೆನಲ್ಲ, ಪೂರ್ತಿ ಕಲಿತಿರಲಿಲ್ಲ. ಸಿಂದಗಿಯ ಮಾಸ್ತರರ ವಿಷಯದಲ್ಲಿ ಮಾಡಿದ ತಪ್ಪು ಇನ್ನೂ ದೊಡ್ಡದು. ಅವರು ಪ್ರಾಥಮಿಕ ಶಾಲೆಯ ಮಾಸ್ತರರು, ಮಕ್ಕಳಿಗೆ ಬಹಳ ಬೇಕಾದವರು. ಒಂದು ಬೇಸಿಗೆಯಲ್ಲಿ ಸೂರ್ಯ ತಮಗೆ ಉಕ್ತಲೇಖನ ಕೊಡುತ್ತಾನೆ ಎಂದು ಬರೆಯಲು ಕೂತರು. ಹಳೆಯ ಕಾಲಜ್ಞಾನ ಹಳತಾಯಿತು, ಹೊಸದು ಬೇಕು ಎಂದು ಹದಿನಾಲ್ಕು ನೋಟುಬುಕ್ಕು ತುಂಬಿಸಿದರು. ಊಟ ಬಿಟ್ಟರು, ಸ್ನಾನ ಬಿಟ್ಟರು, ಶಾಲೆಯನ್ನೂ ಬಿಟ್ಟರು. ನಾವು ಸೂಜಿಮದ್ದು ಶುರುಮಾಡಿದೆವು. ಮನೆಗೆ ಹೋದಾಗ ನಾನು ಅವರ ಹೆಂಡತಿಗೆ, ‘ಈ ಪುಸ್ತಕ ಕಣ್ಣ ಮುಂದ ಇದ್ರ ಮತ್ತ ಅದೇ ಗುಂಗು ಹತ್ತತೈತಿ, ಬಚ್ಚಲ ಒಲಿಗೆ ಹಾಕ್ರಿ’ ಎಂದು ಶಾಣ್ಯಾತನ ತೋರಿಸಿದೆ. ಅವಳು ಹಾಗೇ ಮಾಡಿದಳು.

ಮಾಸ್ತರರು ಪೂರ್ತಿ ಗುಣವಾದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕ್ಯಾಂಪಿಗೆ ಬಂದು ನನ್ನೆದುರು ಕೂತು ನೋಟುಬುಕ್ಕು ಕೇಳಿದರು. ಸುಟ್ಟ ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ. ‘ಬಾಯಾರ, ಹುಚ್ಚೂ ನಂದ, ಅಕ್ಷರಾನೂ ನನ್ನವ. ಹದಿನಾಲ್ಕರಾಗ ಹದಿಮೂರು ನಾನs ಸುಡ್ತಿದ್ದೆ. ಒಂದನ್ನರೆ ಓದಿ ನೋಡಾಕ ನನಗ ಬಿಡಬೇಕಿತ್ತು’ ಎಂದರು. ನನಗೆ ನೆಲ ನೋಡುವಂತಾಯಿತು. ಗುಣವಾದ ಮನುಷ್ಯ ತನ್ನ ಮಾತನ್ನು ತಾನೇ ಜರಡಿ ಹಿಡಿಯಬಲ್ಲ ಎಂಬುದು ನನಗೆ ಹೊಳೆದಿರಲೇ ಇಲ್ಲ. ಅವರ ಕ್ಷಮೆ ಕೇಳಿದೆ, ಅವರು ಚಹಾ ತರಿಸಿದರು. ಆದರೆ ಹದಿನಾಲ್ಕನೆಯ ನೋಟುಬುಕ್ಕು ಹೋದದ್ದು ಹೋಯಿತು.

ಇನ್ನು ಯಾವುದಕ್ಕಾಗಿ ಈ ಬರಹಕ್ಕೆ ಕೈಹಾಕಿದೆನೋ ಅದಕ್ಕೆ ಬರುತ್ತೇನೆ. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ನಮಗೆ ಡಾಕ್ಟರ್ ಪ್ರಸನ್ನ ಎಂಬ ತರುಣ ಬಂದರು. ಮೈಸೂರು ಕಡೆಯವರು. ನಮ್ಮ ಮಾತು ಕೇಳಿ ಮೊದಲ ತಿಂಗಳು ಎಲ್ಲರೂ ಜಗಳವಾಡುತ್ತಿದ್ದಾರೆ ಎಂದೇ ತಿಳಿದಿದ್ದರಂತೆ. ರೋಗ ಗುರುತಿಸುವುದರಲ್ಲಿ ಅವರ ಕಣ್ಣು ಬಹಳ ಚುರುಕು, ಬಡವರ ಮೇಲೆ ಕರುಣೆ ಇತ್ತು, ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ಇದ್ದ ಒಂದೇ ಚಟ ಎಂದರೆ ಅವರ ಒಂದು ಸಿದ್ಧಾಂತ. ಜೀಪು ನಿಡಗುಂದಿಯ ಹೆದ್ದಾರಿ ಹೋಟೆಲಿನ ಮುಂದೆ ನಿಂತು ಚಹಾ ಕೈಗೆ ಬಂದರೆ ಸಾಕು, ಅದು ಶುರುವಾಗುತ್ತಿತ್ತು.

‘ಯೋಚನೆ ಮಾಡಿ ಸಿಸ್ಟರ್. ಸಾವಿರಾರು ವರ್ಷದ ಹಿಂದೆ ಯಾರಿಗೋ ಆಕಾಶದಿಂದ ಮಾತು ಕೇಳಿಸ್ತು. ಅವರು ಇವತ್ತು ನಮ್ಮ ಕ್ಯಾಂಪಿಗೆ ಬಂದಿದ್ರೆ ಗುಳಿಗೆ ಬರೆದು ಕೊಡ್ತಿದ್ವಿ. ಆವತ್ತು ಗುಳಿಗೆ ಇರಲಿಲ್ಲ, ಅದಕ್ಕೆ ಧರ್ಮಗ್ರಂಥ ಆಯ್ತು. ಭವಿಷ್ಯ ನುಡಿದವರೆಲ್ಲ ಇದೇ ಕೇಸು.’

‘ಸರ, ಇಷ್ಟ ವರ್ಷದಾಗ ನಮ್ಮ ಕ್ಯಾಂಪಿಗೆ ಆಕಾಶದ ಮಾತು ಕೇಳಿದವರು ಅದೆಷ್ಟ ಮಂದಿ ಬಂದ್ರು’ ಎಂದೆ ನಾನು. ‘ಅವರಾಗ ಒಬ್ಬರರೆ ಗ್ರಂಥ ಮಾಡಿದ್ದ ನಾ ನೋಡಿಲ್ಲ.’

‘ಅದಕ್ಕೆ ಅದೃಷ್ಟ ಬೇಕು ಸಿಸ್ಟರ್’ ಎಂದು ನಕ್ಕರು. ಬಾಗೇವಾಡಿಯಲ್ಲಿ ಇದೇ ವಿಷಯವಾಗಿ ಉಪನ್ಯಾಸ ಕೊಡುವುದಿತ್ತು, ಅದಕ್ಕಾಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ನನಗೂ ಸಿದ್ಧಾಂತ ಪೂರ್ತಿ ಸುಳ್ಳು ಎನಿಸಿರಲಿಲ್ಲ, ಎಲ್ಲೋ ಒಂದು ಕಡೆ ತೂತು ಇದೆ ಎನಿಸುತ್ತಿತ್ತು. ಆ ತೂತು ಎಲ್ಲಿದೆ ಎಂದು ತೋರಿಸುವಷ್ಟು ಓದು ನನಗಿರಲಿಲ್ಲ.

ಶ್ರಾವಣ ಮುಗಿದ ಮೇಲಿನ ಮುದ್ದೇಬಿಹಾಳ ಕ್ಯಾಂಪು. ತಂಗಡಗಿಯಿಂದ ಮುಂದೆ ಕೃಷ್ಣಾ ನದಿಯ ದಂಡೆಗೆ ಇರುವ ಒಂದು ಊರಿನಿಂದ ನೀಲವ್ವ ಎಂಬ ಹೆಣ್ಣುಮಗಳು ತನ್ನ ಗಂಡ ಮಾಳಪ್ಪನನ್ನು ಟಂಟಂ ಆಟೋದಲ್ಲಿ ಕರೆತಂದಳು. ಊರಿನ ಹೆಸರು ಬೇಡ. ಮಾಳಪ್ಪನಿಗೆ ನಲವತ್ತರ ಆಸುಪಾಸು, ಕುರಿಗಾರ. ಅವರ ಊರಿನಲ್ಲಿ ಕುರಿಗಾರರ ದೇವರ ಗುಡಿ ಇದೆ. ಪ್ರತಿ ದೀಪಾವಳಿ ಪಾಡ್ಯದ ಮುಂಜಾನೆ ಅಲ್ಲಿ ನುಡಿ ಆಗುತ್ತದೆ. ಎಂದರೆ, ಒಂದೇ ಮನೆತನದ ಗಂಡಸು ಐದು ದಿನ ಉಪ್ಪು ಬಿಟ್ಟು ವ್ರತ ಹಿಡಿದು, ಮಡಿಚಿದ ಕಂಬಳಿಯ ಗದ್ದುಗೆ ಮೇಲೆ ಕೂತು ಬರುವ ವರ್ಷದ ಭವಿಷ್ಯವನ್ನು ಒಗಟಿನಂಥ ನಾಲ್ಕು ಮಾತಿನಲ್ಲಿ ಹೇಳುತ್ತಾನೆ, ಅದನ್ನು ಗುಡಿಯ ಪುಸ್ತಕದಲ್ಲಿ ಬರೆದಿಡುತ್ತಾರೆ. ಹನ್ನೆರಡು ವರ್ಷದಿಂದ ಮಾಳಪ್ಪನೇ ಹೇಳುತ್ತಿದ್ದ. ವರ್ಷದ ಉಳಿದ ದಿನ ಅವನೂ ಅವನ ಕುರಿಯೂ.

ಆದರೆ ಆ ವರ್ಷ ಪಾಡ್ಯಕ್ಕೆ ಎರಡು ತಿಂಗಳು ಇರುವಾಗಲೇ ಅವನಿಗೆ ಮಾತು ಹತ್ತಿತ್ತು. ಹಗಲಿಲ್ಲ, ರಾತ್ರಿಯಿಲ್ಲ, ನಿದ್ದೆಯಂತೂ ಇಲ್ಲವೇ ಇಲ್ಲ. ಕುರಿಗಳನ್ನು ದಾರಿಯಲ್ಲಿ ಸಿಕ್ಕವರಿಗೆ ಹಂಚಿಬಿಟ್ಟಿದ್ದ. ಅನ್ನ ಮುಟ್ಟಿ ಆರು ದಿನವಾಗಿತ್ತು. ಊರಿನವರು ಅದನ್ನು ವ್ರತ ಎಂದು ತಿಳಿದರು. ಈ ವರ್ಷ ದೇವರು ಮೊದಲೇ ಬಂದಾನ, ಹೋಗೋದೂ ಇಲ್ಲ ಎಂದು ಸುತ್ತಲಿನ ಹಳ್ಳಿಯವರು ಬಂದು ಪ್ರಶ್ನೆ ಕೇಳತೊಡಗಿದ್ದರು. ಹೆಂಡತಿ ಒಬ್ಬಳಿಗೇ ಅದು ವ್ರತವಲ್ಲ ಎಂದು ಗೊತ್ತಿತ್ತು.

‘ವ್ರತಾ ಹಿಡದಾಗ ಅಂವ ನನ್ನ ಕೂಡ ಶಾಂತ ಮಾತಾಡ್ತಾನ್ರಿ ಬಾಯಾರ’ ಎಂದಳು ನೀಲವ್ವ. ‘ಈಗ ನನ್ನ ಗುರ್ತs ಹಿಡಿಯವಲ್ಲ. ಹಿಂಗ ನಡದ್ರ ದೀಪಾವಳಿ ಮಟ ಉಳಿಯೂದಿಲ್ಲ. ಗುಳಿಗಿ ಕೊಡ್ರಿ. ಆದ್ರ ಹುಚ್ಚ ಅಂತ ಬರೀಬ್ಯಾಡ್ರಿ. ಹುಚ್ಚ ಅಂದ್ರ ಗದ್ದಿಗಿ ಹೋತು, ನಮ್ಮ ಮಕ್ಕಳಿಗೂ ಹೋತು.’

ಮಾಳಪ್ಪನ ನಾಲಗೆ ಒಣಗಿ ಸೀಳಿತ್ತು, ಆದರೂ ಮಾತು ನಿಂತಿರಲಿಲ್ಲ. ಡಾಕ್ಟರು ಐದು ನಿಮಿಷದಲ್ಲಿ ಉನ್ಮಾದ ಎಂದು ಗುರುತಿಸಿದರು, ಇವತ್ತೇ ವಿಜಯಪುರದ ಆಸ್ಪತ್ರೆಗೆ ಸೇರಿಸಬೇಕು ಎಂದರು. ಅಷ್ಟು ಹೇಳಿ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅಷ್ಟರಲ್ಲಿ ಗುಡಿಯ ಹಿರಿಯ ಅಮೋಗಿ ಮುತ್ಯಾ ಸುದ್ದಿ ತಿಳಿದು ಇನ್ನೊಂದು ಗಾಡಿಯಲ್ಲಿ ಬಂದಿಳಿದರು. ಎಂಬತ್ತು ದಾಟಿದ ಮುದುಕ, ಹಳದಿ ಪಟಕ, ಕೈಯಲ್ಲಿ ಕೋಲು. ಅವರು ಸಮಾಧಾನದಿಂದಲೇ ಕೇಳಿದರು.

‘ಏನಾಗೇತ್ರಿ ಸಾಹೇಬ್ರ, ನಮ್ಮ ಹುಡುಗಗ?’

ಡಾಕ್ಟರಿಗೆ ಸಿದ್ಧಾಂತ ನೆನಪಾಯಿತು. ‘ಇದು ಮೆದುಳಿನ ಕಾಯಿಲೆ ಅಜ್ಜ. ಇವತ್ತಿಂದಲ್ಲ. ಇಷ್ಟು ವರ್ಷ ಇವರು ಹೇಳಿದ್ದೂ ಇದೇ ಕಾಯಿಲೆಯಿಂದಾನೇ. ಇವರ ಅಪ್ಪ, ತಾತ ಹೇಳಿದ್ದೂ ಇದೇ. ವಂಶದಲ್ಲಿ ಬಂದಿದೆ. ನೀವು ಅದನ್ನೇ ಪುಸ್ತಕ ಮಾಡಿ ಪೂಜೆ ಮಾಡ್ತಿದ್ದೀರಿ.’

ಮುತ್ಯಾ ಕೋಲು ನೆಲಕ್ಕೆ ಊರಿದರು. ‘ಹಂಗಾದ್ರ ಒಂಬತ್ತ ತಲಿಮಾರಿನವರು ಹುಚ್ಚರು, ಅವರ ಮಾತ ಕೇಳಿದ ನಾವು ಹುಚ್ಚರ ಅಪ್ಪ ಅಂದಂಗಾತು. ಏಳೋ ಮಾಳ್ಯಾ’ ಎಂದರು. ಬಂದ ಗಾಡಿಯಲ್ಲೇ ಅವನನ್ನು ಕೂರಿಸಿಕೊಂಡು ಹೋದರು. ನೀಲವ್ವ ತಿರುತಿರುಗಿ ನನ್ನನ್ನೇ ನೋಡುತ್ತ ಹೋದಳು. ನಾನು ಬಾಯಿ ತೆರೆಯಲಿಲ್ಲ. ಮೇಲಿನವರು ಮಾತಾಡುವಾಗ ನಡುವೆ ಬರಬಾರದೆಂದು ಇಪ್ಪತ್ತು ವರ್ಷ ರೂಢಿಯಾಗಿತ್ತು. ಆ ರೂಢಿ ನೆನೆದರೆ ನನ್ನ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮರುದಿನವೇ ರಜೆ ಹಾಕಿದೆ. ಬಸ್ಸಿನಲ್ಲಿ ಮುದ್ದೇಬಿಹಾಳ, ಅಲ್ಲಿಂದ ತಂಗಡಗಿ, ಅಲ್ಲಿಂದ ಒಂದು ಟ್ರ್ಯಾಕ್ಟರಿನ ಹಿಂದೆ. ಔಷಧದ ಡಬ್ಬಿ ಒಯ್ಯಲಿಲ್ಲ. ಮುತ್ಯಾ ಗುಡಿಯ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕೂತಿದ್ದರು. ಒಳಗಿನಿಂದ ಮಾಳಪ್ಪನ ಕೂಗು ಕೇಳುತ್ತಿತ್ತು, ಗಂಟಲು ಒಡೆದ ಕೂಗು.

‘ಗುಳಿಗಿ ಕೊಡಾಕ ಬಂದೀರೇನು?’ ಎಂದರು ಮುತ್ಯಾ, ತಲೆ ಎತ್ತದೆ.

‘ಇಲ್ಲ ಮುತ್ಯಾ. ನಿಮ್ಮ ನುಡಿ ಪುಸ್ತಕ ಕೇಳಾಕ ಬಂದೀನಿ. ನಿನ್ನೆ ನಮ್ಮವರು ಓದಲಾರದs ಮಾತಾಡಿದ್ರು. ನಾನರೆ ಕೇಳಿ ಹೋಗತೇನಿ.’

ಈ ಬೇಡಿಕೆಯನ್ನು ಅವರು ಎಣಿಸಿರಲಿಲ್ಲ. ಕೈ ತೊಳೆದುಕೊಂಡು ಬಂದು ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ಹಳೆಯ ಹಾಳೆಗಳು ಹರಿದಂತೆಲ್ಲ ಹೊಸ ಹಾಳೆಗೆ ನಕಲು ಮಾಡುತ್ತ ಬಂದ ಪುಸ್ತಕ. ಓದುವ ಮೊದಲು ನುಡಿ ಬರೆದುಕೊಳ್ಳುವ ಕ್ರಮ ಹೇಳಿದರು, ನಾನು ಕೂತಲ್ಲೇ ನೆಟ್ಟಗಾದೆ. ನುಡಿ ಕೇಳಲು ಮೂವರು ಹಿರಿಯರು ಕೂರುತ್ತಾರೆ, ಒಬ್ಬ ಎದುರಿಗೆ, ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಮುಗಿದ ಮೇಲೆ ಒಬ್ಬರೊಡನೊಬ್ಬರು ಮಾತಾಡದೆ ಬೇರೆ ಬೇರೆಯಾಗಿ ಬಂದು ಬರೆಯುವವನಿಗೆ ತಾವು ಕೇಳಿದ್ದನ್ನು ಹೇಳಬೇಕು. ಮೂವರದೂ ಕೂಡಿ ಬಂದರೆ ಮಾತ್ರ ಮಾತು ಪುಸ್ತಕಕ್ಕೆ. ಕೂಡದಿದ್ದರೆ ಬಿಟ್ಟಂತೆ. ಪಾಡ್ಯದ ದಿನ ಬಿಟ್ಟು ಬೇರೆ ದಿನ ಹೇಳಿದ್ದು, ಯಾರೋ ಪ್ರಶ್ನೆ ಕೇಳಿದ್ದಕ್ಕೆ ಹೇಳಿದ್ದು, ಯಾವುದೂ ಲೆಕ್ಕಕ್ಕಿಲ್ಲ. ಮೂವರು ಕೂತು ಇಷ್ಟು ಜರಡಿ ಹಿಡಿಯುವುದನ್ನು ನಾನು ನಮ್ಮ ಇಲಾಖೆಯಲ್ಲೂ ಕಂಡಿರಲಿಲ್ಲ.

ಮುತ್ಯಾ ರಾಗವಾಗಿ ಓದುತ್ತ ಹೋದರು. ಒಂದೊಂದು ವರ್ಷಕ್ಕೆ ಮೂರು ಸಾಲು, ನಾಲ್ಕು ಸಾಲು. ಪುಟಗಳ ಕೆಳಗೆ ಕೆಲವು ಕಡೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ಅದನ್ನು ಅವರು ದಾಟಿ ಹೋಗುತ್ತಿದ್ದರು.

‘ಆ ಸಣ್ಣ ಅಕ್ಷರ ಏನ್ರಿ ಮುತ್ಯಾ?’

‘ಅದನ್ನ ಓದೂದಿಲ್ಲವಾ. ನುಡಿ ಅಷ್ಟ ಓದೂದು ಪದ್ಧತಿ. ಅದು ಬರದವರು ತಮ್ಮ ನೆನಪಿಗೆ ಗೀಚಿದ್ದು.’

‘ನನಗಾಗಿ ಒಂದೆರಡು ಓದ್ರಿ.’

ಬೇಸರದಿಂದಲೇ ಓದಿದರು. ಒಂದು ಕಡೆ ಮಳೆ ಬಂದು ಹಾಳೆ ತೋಯ್ದಿತು ಎಂದಿತ್ತು. ಇನ್ನೊಂದು ಕಡೆ ಕೇಳುವವರಲ್ಲಿ ಒಬ್ಬನಿಗೆ ಜ್ವರ ಎಂದಿತ್ತು. ಬಹಳ ಹಿಂದಿನ ಒಂದು ಪುಟಕ್ಕೆ ಬಂದಾಗ ಅವರ ಧ್ವನಿ ನಿಧಾನವಾಯಿತು. ಆ ಪುಟದ ಮೇಲೆ ನುಡಿಯೇ ಇರಲಿಲ್ಲ, ಬರೀ ಸಣ್ಣ ಅಕ್ಷರ. ಅದನ್ನು ನಾನು ಆಮೇಲೆ ಬರೆದುಕೊಂಡೆ. ಹೀಗಿತ್ತು:

‘ಈ ಸಾಲಿನಲ್ಲಿ ನುಡಿ ಜಾಹೀರ ಮಾಡಿಲ್ಲ. ಹೇಳುವವನ ಚಿತ್ತ ನೆಲೆ ತಪ್ಪಿದೆ. ಪಾಡ್ಯ ಕಳೆದು ಮೂರು ದಿವಸವಾದರೂ ಮಾತು ನಿಲ್ಲಲಿಲ್ಲ. ನಿಲ್ಲದ ಮಾತು ನುಡಿಯಲ್ಲ. ಸದರಿಯವನನ್ನು ಮನೆಯವರಿಗೆ ಒಪ್ಪಿಸಿದೆ. ಮದ್ದು ಮಾಡತಕ್ಕದ್ದು. ಗದ್ದುಗೆ ಅವನದೇ, ಕಾಯ್ದಿರಿಸಿದೆ.’

ಮುಂದಿನ ಪುಟವೂ ಖಾಲಿ. ಅದರ ಮುಂದಿನದರ ಕೆಳಗೆ, ‘ಚಿತ್ತ ನೆಲೆಗೆ ಬಂದು ಅವನೇ ಕೂತನು’ ಎಂದಿತ್ತು.

ಮುತ್ಯಾ ಕನ್ನಡಕ ತೆಗೆದರು. ‘ಈ ಪುಸ್ತಕ ನಾ ಅರವತ್ತ ವರ್ಷದಿಂದ ಓದಾಕತ್ತೇನಿ ಬಾಯಾರ. ಇದನ್ನ ಒಮ್ಮಿನೂ ಓದಿಲ್ಲ’ ಎಂದರು. ಒಳಗೆ ಮಾಳಪ್ಪ ಕೂಗುತ್ತಲೇ ಇದ್ದ. ಮುದುಕ ಆ ಕಡೆ ಕಿವಿಗೊಟ್ಟು ಕೂತರು. ಎಷ್ಟೋ ದಿನದಿಂದ ಕೇಳುತ್ತಿದ್ದ ಆ ಕೂಗನ್ನು ಅವರು ಅವತ್ತು ಮೊದಲ ಸಲ ಬೇರೆ ರೀತಿ ಕೇಳಿದರು ಎಂದು ನನಗೆ ಅನಿಸಿತು. ‘ನಿಂದರವಲ್ದು, ಮಾತ ನಿಲ್ಲವಲ್ದು’ ಎಂದರು ತಮ್ಮಷ್ಟಕ್ಕೆ. ಆಮೇಲೆ ಗಟ್ಟಿಯಾಗಿ, ‘ನೀಲವ್ವಾ, ಗಾಡಿ ತರಿಸು. ದವಾಖಾನಿಗೆ ನಾನs ಕರಕೊಂಡ ಹೋಗತೇನಿ. ಗದ್ದಿಗಿ ಎಲ್ಲೂ ಹೋಗೂದಿಲ್ಲ, ನಮ್ಮ ಹಿರ್ಯಾರು ಬರದಿಟ್ಟಾರ’ ಎಂದರು.

ನೀಲವ್ವ ಬಾಗಿಲಿಗೆ ಒರಗಿ ಅತ್ತಳು. ನನಗೂ ಅಳು ಬಂತು. ನರ್ಸ್ ಅಳಬಾರದು ಎಂದು ಪುಸ್ತಕದಲ್ಲಿ ಇದೆ, ಇರಲಿ.

ಸಂಜೆಯೊಳಗೆ ಮಾಳಪ್ಪನ ಕೈಗೆ ಸಲೈನು ಹತ್ತಿತು. ಮೂರು ವಾರ ವಾರ್ಡಿನಲ್ಲಿದ್ದ. ಮಾತು ಮೊದಲು ಮೆಲ್ಲಗಾಯಿತು, ಆಮೇಲೆ ಕಡಿಮೆಯಾಯಿತು, ಒಂದು ದಿನ ನಿಂತಿತು. ಎರಡು ರಾತ್ರಿ ಸತತ ಮಲಗಿ ಎದ್ದು, ‘ಕುರಿ ಯಾರ ಕಾಯಾಕತ್ಯಾರ?’ ಎಂದು ಕೇಳಿದ. ಕೊಟ್ಟ ಕುರಿಗಳನ್ನು ಊರವರು ಹಟ್ಟಿಗೆ ತಂದು ಬಿಟ್ಟಿದ್ದರು. ಒಬ್ಬರೂ ಇಟ್ಟುಕೊಳ್ಳಲಿಲ್ಲ.

ನಾನು ಬರೆದು ತಂದ ಸಾಲುಗಳನ್ನು ಡಾಕ್ಟರ್ ಪ್ರಸನ್ನ ಜೀಪಿನಲ್ಲಿ ಎರಡು ಸಲ ಓದಿದರು. ನಿಡಗುಂದಿ ಬಂತು, ಚಹಾ ಬಂತು, ಸಿದ್ಧಾಂತ ಬರಲಿಲ್ಲ. ‘ಸಿಸ್ಟರ್, ನಾನು ಹೇಳುವವನ ತಲೆ ಒಳಗೆ ಮಾತ್ರ ನೋಡ್ತಿದ್ದೆ. ಕೇಳುವವರು ಇದ್ದಾರೆ ಅನ್ನೋದೇ ಮರೆತಿದ್ದೆ’ ಎಂದರು. ತಪ್ಪು ಒಪ್ಪಿಕೊಳ್ಳುವ ಮೇಲಧಿಕಾರಿಗಳನ್ನು ನಾನು ಅಷ್ಟು ವರ್ಷದಲ್ಲಿ ಇಬ್ಬರನ್ನೇ ಕಂಡಿದ್ದು. ಬಾಗೇವಾಡಿಯ ಉಪನ್ಯಾಸದಲ್ಲಿ ಅವರು ತಮ್ಮ ಹಳೆಯ ಟಿಪ್ಪಣಿ ಮುಟ್ಟಲಿಲ್ಲ. ಪ್ರಾಚೀನ ಕಾಲದಲ್ಲಿ ನುಡಿದವರಲ್ಲಿ ಕೆಲವರಿಗೆ ಕಾಯಿಲೆ ಇದ್ದಿರಬಹುದು, ಇಲ್ಲ ಎನ್ನಲು ತಮ್ಮ ಬಳಿ ಆಧಾರವಿಲ್ಲ ಎಂದರು. ಆದರೆ ಒಬ್ಬರ ಕಾಯಿಲೆಯಿಂದ ಒಂದು ಗ್ರಂಥ ಹುಟ್ಟುವುದಿಲ್ಲ, ಅದಕ್ಕೆ ಕೇಳುವವರು, ತೂಗುವವರು, ಬೇಡವಾದದ್ದನ್ನು ಬಿಡುವವರು, ಹಲವು ತಲೆಮಾರು ಕಾಯುವವರು ಬೇಕು ಎಂದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತು ನಾನೂ ಜೋರಾಗಿಯೇ ತಟ್ಟಿದೆ.

ಆ ವರ್ಷ ನುಡಿ ಆಗಲಿಲ್ಲ. ಮುಂದಿನ ದೀಪಾವಳಿ ಹತ್ತಿರ ಬಂದಾಗ ಹೊಸ ತೊಡಕು. ಮಾಳಪ್ಪನ ಗುಳಿಗೆ ಲಿಥಿಯಂ, ಅದೇ ಒಂದು ಬಗೆಯ ಉಪ್ಪು. ಅದನ್ನು ನುಂಗುವವರು ಊಟದ ಉಪ್ಪನ್ನೂ ನೀರನ್ನೂ ಇದ್ದಕ್ಕಿದ್ದಂತೆ ಬಿಟ್ಟರೆ ಗುಳಿಗೆ ರಕ್ತದಲ್ಲಿ ಏರಿ ವಿಷವಾಗುತ್ತದೆ. ವ್ರತದಲ್ಲಿ ಐದು ದಿನ ಉಪ್ಪು ಬಿಡಬೇಕು. ಡಾಕ್ಟರು ಈ ಸಲ ಭಾಷಣ ಮಾಡಲಿಲ್ಲ. ಮುತ್ಯಾನ ಕಟ್ಟೆಗೆ ಹೋಗಿ ಕೆಳಗೆ ಕೂತು, ‘ಅಜ್ಜ, ಹೀಗಿದೆ ಕಷ್ಟ. ದಾರಿ ನೀವೇ ಹೇಳಬೇಕು’ ಎಂದರು.

ಕೇಳುವ ಮೂವರು ಹಿರಿಯರು ಕೂತು ಒಂದು ಮಧ್ಯಾಹ್ನವೆಲ್ಲ ಚರ್ಚಿಸಿದರು. ಪುಸ್ತಕದಲ್ಲಿ ಉಪ್ಪಿನ ಮಾತು ಎಲ್ಲೂ ಇರಲಿಲ್ಲ, ಬರೀ ರೂಢಿ. ಕೊನೆಗೆ ಮುತ್ಯಾ ತೀರ್ಪು ಹೇಳಿದರು. ‘ವ್ರತಾ ನಾಲಗಿದು, ರಕ್ತದ್ದಲ್ಲ. ಊಟ ಸಪ್ಪಗs ಇರಲಿ. ಉಪ್ಪ ಹಾಕಿದ ಮಜ್ಜಿಗಿ ಮದ್ದು ಅಂತ ಕುಡೀಲಿ. ಗುಳಿಗಿನೂ ಬಿಡೂದು ಬ್ಯಾಡ.’ ಎಷ್ಟು ಮಜ್ಜಿಗೆಗೆ ಎಷ್ಟು ಉಪ್ಪು ಎಂದು ಡಾಕ್ಟರು ಬರೆದುಕೊಟ್ಟರು. ಐದು ದಿನವೂ ನೀಲವ್ವ ಅಳೆದು ಹಾಕಿದಳು. ನಾಲ್ಕನೆಯ ದಿನ ರಕ್ತ ಪರೀಕ್ಷೆ ಮಾಡಿಸಿದೆವು, ಎಲ್ಲ ಸರಿ ಇತ್ತು.

ಪಾಡ್ಯದ ಮುಂಜಾನೆ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರು ಬೇವಿನ ಮರದ ಕೆಳಗೆ ಚೀಲ ಹಿಡಿದು ನಿಂತಿದ್ದರು. ನಾನು ಹೆಂಗಸರ ನಡುವೆ ಕೂತಿದ್ದೆ. ಗದ್ದುಗೆ ಮೇಲೆ ಕೂತ ಮೇಲೆ ಮಾತು ನಿಲ್ಲದಿದ್ದರೆ? ಒಂದು ವರ್ಷ ಕಷ್ಟಪಟ್ಟು ಹತ್ತಿದ್ದ ಮನುಷ್ಯ ಊರ ಮುಂದೆ ಮತ್ತೆ ಜಾರಿದರೆ ಅದಕ್ಕೆ ಒಪ್ಪಿಗೆ ಕೊಟ್ಟವರು ನಾವು. ಗದ್ದುಗೆಯೂ ಹೋಗುತ್ತದೆ, ಗುಳಿಗೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ನೀಲವ್ವ ನನ್ನ ಕೈ ಹಿಡಿದಿದ್ದಳು.

ಮುತ್ಯಾ ಎದ್ದು ನಿಂತು ಇದ್ದಕ್ಕಿದ್ದಂತೆ ನನ್ನನ್ನು ಕರೆದರು. ‘ಬಾಯಾರ, ಹಿಂಗ ಮುಂದ ಬರ್ರಿ. ಇಂವನ ಚಿತ್ತ ನೆಲೀಮ್ಯಾಲ ಐತೋ ಇಲ್ಲೋ ಎಲ್ಲಾರ ಮುಂದ ನೋಡಿ ಹೇಳ್ರಿ. ನೀವು ಹೂಂ ಅಂದ್ರ ಕೂಡಸ್ತೇವಿ.’

ಆ ಅಂಗಳದಲ್ಲಿ ಹೆಂಗಸು ಮುಂದೆ ಹೋದದ್ದೇ ಅದು ಮೊದಲಂತೆ. ಹೋಗಿ ಮಾಳಪ್ಪನ ಎದುರು ಕೂತೆ. ಕ್ಯಾಂಪಿನಲ್ಲಿ ಕೇಳುವ ಪ್ರಶ್ನೆಗಳನ್ನೇ ಕೇಳಿದೆ, ಬೇರೆ ನನಗೆ ಬರುತ್ತಿರಲಿಲ್ಲ.

‘ಮಾಳಪ್ಪಾ, ರಾತ್ರಿ ನಿದ್ದಿ ಆತಾ?’

‘ಆತ್ರಿ. ನಸೀಕ್ಲೆ ಇಕೀನs ಎಬ್ಬಿಸ್ಯಾಳ.’

‘ಇವತ್ತ ಯಾವ ವಾರ?’

‘ಗುರುವಾರ. ಮಂಗಳವಾರ ಇದ್ರ ನೀವು ಇಲ್ಲಿ ಎಲ್ಲಿ ಬರ್ತಿದ್ರಿ?’

ಜನ ನಕ್ಕರು. ‘ದೇವರು ಈಗ ಏನರೆ ಹೇಳಾಕತ್ಯಾನೇನು?’ ಎಂದು ಕೇಳಿದೆ. ಮುಖ್ಯ ಪ್ರಶ್ನೆ ಅದೇ.

‘ಇಲ್ರಿ. ಇನ್ನೂ ಗದ್ದಿಗಿ ಮ್ಯಾಲ ಕೂತs ಇಲ್ಲ, ಈಗs ಹ್ಯಾಂಗ ಹೇಳ್ಯಾನು?’

ಎದ್ದು ನಿಂತೆ. ‘ನೆಲೀಮ್ಯಾಲ ಐತಿ’ ಎಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು.

ಮಾಳಪ್ಪ ಕಂಬಳಿಯ ಮೇಲೆ ಕೂತ. ಕಣ್ಣು ಮುಚ್ಚಿದ. ಮೈ ಒಮ್ಮೆ ನಡುಗಿತು. ‘ಹಳ್ಳ ಹಾದಿ ಕೇಳೀತು’ ಎಂದ. ಸ್ವಲ್ಪ ತಡೆದು, ‘ಬಿಳಿ ಜ್ವಾಳ ತಲಿ ಬಾಗೀತು’ ಎಂದ. ಮತ್ತೆ ತಡೆದು, ‘ಮೂಡಲ ಮನಿ ಬಾಗಲ ತೆರದೀತು’ ಎಂದ. ಆಮೇಲೆ ಸುಮ್ಮನಾದ.

ನಾನು ಗಡಿಯಾರ ನೋಡುತ್ತಿದ್ದೆ. ಒಂದು ನಿಮಿಷ. ಎರಡು ನಿಮಿಷ. ಮಾಳಪ್ಪ ಕಣ್ಣು ತೆರೆದು ಸುತ್ತ ನೋಡಿದ. ಹೆಂಡತಿಯನ್ನು ಹುಡುಕಿ, ‘ನೀಲವ್ವಾ, ಹಸಿವಾಗೇತಿ. ರೊಟ್ಟಿ ಮಾಡೀಯೇನು?’ ಎಂದ.

‘ಮಾಡೀನಿ, ಬಾ’ ಎಂದಳು ಅವಳು. ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ಅತ್ತ ಬೇವಿನ ಮರದ ಕೆಳಗೆ ನಮ್ಮ ಡಾಕ್ಟರು ಚೀಲ ನೆಲಕ್ಕಿಟ್ಟು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮುತ್ಯಾ ಅವರನ್ನೂ ಬಿಡಲಿಲ್ಲ. ‘ಈಗ ಹೇಳ್ರಿ ಸಾಹೇಬ್ರ, ಇದು ರೋಗೇನು?’

‘ಅಲ್ಲ ಅಜ್ಜ.’

‘ಹ್ವಾದ ವರ್ಷದ್ದು?’

‘ಅದು ರೋಗ.’

‘ಹೂಂ. ನಮ್ಮ ಹಿರ್ಯಾರೂ ಅದನ್ನs ಅಂದಿದ್ರು’ ಎಂದು ಮುತ್ಯಾ ಮೂವರು ಕೇಳಿದವರನ್ನು ಒಬ್ಬೊಬ್ಬರನ್ನಾಗಿ ಕರೆದರು. ಮೂರು ಮಾತೂ ಕೂಡಿ ಬಂದವು.

ದೇವರು ಮಾತಾಡುತ್ತಾನೋ ಇಲ್ಲವೋ ಎಂದು ಹುಡುಗಿಯರು ನನ್ನನ್ನು ಕೇಳಬಾರದು. ಅದು ನನ್ನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ, ನನಗೆ ಗೊತ್ತೂ ಇಲ್ಲ. ನಿಮ್ಮೆದುರು ಕೂತವನು ಮಲಗಿದನೇ, ಉಂಡನೇ, ಹೆಂಡತಿಯ ಗುರುತು ಹಿಡಿದನೇ, ಮಾತು ನಿಂತಿತೇ ಎಂಬುದನ್ನು ನೋಡಿರಿ. ಅವನ ಸುತ್ತ ಕೂತವರು ಏನು ನೋಡಿದ್ದಾರೆ ಎಂದು ಕೇಳಿರಿ. ಅವರು ನಿಮಗಿಂತ ಬಹಳ ದಿನದಿಂದ ನೋಡುತ್ತಿದ್ದಾರೆ.

ಅವತ್ತು ಮುತ್ಯಾ ಪುಸ್ತಕದಲ್ಲಿ ನುಡಿ ಬರೆಸಿದರು. ಕೆಳಗೆ ಸಣ್ಣ ಅಕ್ಷರದಲ್ಲೂ ಬರೆಸಿದರು. ಆಮೇಲೆ ಜನರಿಗೆ, ‘ಇನ್ನ ಮ್ಯಾಲ ಸಣ್ಣ ಅಕ್ಷರಾನೂ ಓದೂದು’ ಎಂದು ಹೇಳಿ, ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು: ‘ಹೇಳಿದವನು ಮಾಳಪ್ಪ. ಹೋದ ಸಾಲಿನಲ್ಲಿ ಚಿತ್ತ ನೆಲೆ ತಪ್ಪಿತ್ತು. ಮದ್ದು ಮಾಡಿ ನೆಲೆಗೆ ಬಂದಿದೆ. ಮದ್ದು ನಡೆದಿದೆ, ಬಿಡತಕ್ಕದ್ದಲ್ಲ. ಚಿತ್ತ ನೋಡಿ ಹೇಳಿದವರು ನರ್ಸ ಶಾಂತಾಬಾಯಿ.’

ಶಾಂತಾಬಾಯಿ ಎಂದರೆ ನಾನೇ. ಇಲಾಖೆ ಕೊಟ್ಟ ಸರ್ಟಿಫಿಕೇಟುಗಳು ಎಲ್ಲೋ ಟ್ರಂಕಿನ ತಳದಲ್ಲಿವೆ, ಹುಡುಕಿದರೆ ಸಿಕ್ಕಾವು. ಇದೊಂದನ್ನು ಮಾತ್ರ ಪ್ರತಿ ಪಾಡ್ಯಕ್ಕೆ ಊರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಮಾಳಪ್ಪ ಕೇಳುತ್ತ ಕೂರುತ್ತಾನೆ, ನೀಲವ್ವ ಹೆಂಗಸರ ನಡುವೆ ತಲೆ ಎತ್ತಿ ಕೂರುತ್ತಾಳೆ.